ಠಾಣೆ ಸೀಮೆಯ ಗ್ಯಾಸಿನ ಬಿಲ್ಲು: ಬಾಬುಗಳ ಪೂರ್ವೋತ್ತರ

೧

ಚರಿತ್ರೆಯ ಆಕರಗಳೆಂದರೆ ಶಿಲಾಶಾಸನ, ತಾಮ್ರಪಟ, ಕಡತ, ಕೈಫಿಯತ್ತುಗಳೆಂದು ನಾವು ರೂಢಿಯಾಗಿ ಎಣಿಸುತ್ತೇವೆ. ಮನೆಗೆ ಬರುವ ಬಿಲ್ಲು ಈ ಎಣಿಕೆಯಲ್ಲಿ ಸೇರುವುದಿಲ್ಲ. ಹಣ ಸಂದಾಯವಾದೊಡನೆ ಅದು ರದ್ದಿಗೆ ಬೀಳುತ್ತದೆ. ಆದರೆ ದತ್ತಿಶಾಸನವೊಂದನ್ನು ಓದಲು ತೊಡಗಿದಾಗ ನಾವು ಕೇಳುವ ಪ್ರಶ್ನೆಗಳು ಯಾವುವು? ಅದರ ಕಾಲ ಯಾವುದು, ಕೊಟ್ಟವರಾರು, ಪಡೆದವರಾರು, ಅಳತೆಯ ಕೋಲು ಯಾವುದು, ಸುಂಕವೆಷ್ಟು, ಆ ಸುಂಕವನ್ನು ವಿಧಿಸುವ ಅಧಿಕಾರ ಯಾರಿಗಿತ್ತು ಎಂಬುವೇ ಅಲ್ಲವೆ? ಬಳ್ಳಿಗಾವೆಯ ಶಾಸನಗಳಲ್ಲಿ ಭೇರುಂಡ ಗಳೆಯೆಂಬ ಅಳತೆಗೋಲಿನ ಉಲ್ಲೇಖವಿದೆ. ಆ ಗಳೆಯ ಉದ್ದವನ್ನು ಅರಿಯದೆ ಮತ್ತರುಗಳ ಸಂಖ್ಯೆಯೊಂದರಿಂದಲೇ ಭೂಮಿಯ ವಿಸ್ತಾರವನ್ನು ನಿರ್ಧರಿಸಲಾಗದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಅಡುಗೆಮನೆಗಳಿಗೆ ಕೊಳವೆಯಲ್ಲಿ ಬರುವ ಗ್ಯಾಸಿನ ಬಿಲ್ಲಿಗೂ ಇದೇ ಮಾತು ಸಲ್ಲುತ್ತದೆ.

ಈ ಸೀಮೆಯಲ್ಲಿ ಆ ಅನಿಲವನ್ನು ಒದಗಿಸುವುದು ಮಹಾನಗರ ಗ್ಯಾಸ್ ಲಿಮಿಟೆಡ್ ಎಂಬ ಸಂಸ್ಥೆ. ಎರಡು ತಿಂಗಳಿಗೊಮ್ಮೆ ಬರುವ ಅದರ ಬಿಲ್ಲನ್ನು ಮಹಾವಿತರಣದ ವಿದ್ಯುತ್ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಕೂಡಲೇ ಗೋಚರಿಸುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಸ್ಥಿರ ಆಕಾರ, ವೀಜ ಆಕಾರ, ವಹನ ಆಕಾರ, ಇಂಧನ ಸಮಾಯೋಜನ ಆಕಾರ, ವೀಜ ಶುಲ್ಕ ಎಂದು ಬಾಬುಗಳ ಸಾಲೇ ಇದೆ. ಗ್ಯಾಸಿನ ಬಿಲ್ಲಿನಲ್ಲಾದರೋ ಬಳಸಿದ ಅನಿಲಕ್ಕೆ ಒಂದು ದರ, ಅದರ ಮೇಲೊಂದು ತೆರಿಗೆ, ಹಿಂದಿನ ಬಾಕಿ ಇದ್ದರೆ ಬಾಕಿ, ಇಷ್ಟೇ. ಓದುವವರಿಗೆ ಎರಡನೆಯದು ಸುಲಭವೆಂದು ತೋರುವುದು ಸಹಜ. ವಸ್ತುತಃ ಸಂಗತಿ ಹಾಗಿಲ್ಲ. ವಿದ್ಯುತ್ತಿನ ದರ ಬಹಿರಂಗವಾದ ವಿಚಾರಣೆಯಲ್ಲಿ ತೀರ್ಮಾನವಾಗುವುದರಿಂದ ಅದರ ಅಂಗಾಂಗಗಳು ಬಿಲ್ಲಿನ ಮೇಲೆ ಬಂದು ಕುಳಿತಿವೆ. ಗ್ಯಾಸಿನ ದರಕ್ಕೆ ಅಂಥ ವಿಚಾರಣೆಯಿಲ್ಲದ ಕಾರಣ ಅದರ ಅಂಗಗಳೆಲ್ಲ ಒಂದೇ ಸಂಖ್ಯೆಯೊಳಗೆ ಅಡಗಿವೆ. ಆ ಒಂದು ಸಂಖ್ಯೆಯೊಳಗೆ ಯಾರ ಯಾರ ನಿರ್ಣಯಗಳಿವೆ, ಅವು ಯಾವಾಗ ಬಂದು ಸೇರಿದುವು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮುಂಬಯಿಗೆ ಕೊಳವೆಯ ಗ್ಯಾಸು ಹೊಸದಲ್ಲ. ಹಡಗುಕಟ್ಟುವ ವಾಡಿಯಾ ಮನೆತನದ ಅರ್ದೇಶೀರ್ ಕರ್ಸೆಟ್‌ಜೀ ೧೮೩೪ರಲ್ಲಿಯೇ ಮಝಗಾಂವದ ತಮ್ಮ ಬಂಗಲೆಯನ್ನೂ ತೋಟವನ್ನೂ ಗ್ಯಾಸಿನ ದೀಪಗಳಿಂದ ಬೆಳಗಿಸಿದ್ದರು. ಅವರೇ ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಸದಸ್ಯರಾದ ಮೊದಲನೆಯ ಭಾರತೀಯರು. ಆದರೆ ಅದು ಒಬ್ಬ ಕುತೂಹಲಿಯ ಪ್ರಯೋಗ ಮಾತ್ರ; ಅದಕ್ಕೆ ಬಿಲ್ಲೂ ಇಲ್ಲ, ಗ್ರಾಹಕನೂ ಇಲ್ಲ. ನಗರದ ಬೀದಿಗಳಲ್ಲಿ ಗ್ಯಾಸಿನ ದೀಪ ಹೊತ್ತಿದುದು ೧೮೬೫ರ ಅಕ್ಟೋಬರಿನಲ್ಲಿ. ದೀಪ ಹಚ್ಚುವವರು ಕಂಬದಿಂದ ಕಂಬಕ್ಕೆ ನಡೆದಂತೆ ಜನರ ಗುಂಪೂ ಅವರ ಹಿಂದೆ ನಡೆಯಿತೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ.

ಆ ಅನಿಲ ಕಲ್ಲಿದ್ದಲನ್ನು ಮುಚ್ಚಿದ ಒಲೆಗಳಲ್ಲಿ ಕಾಯಿಸಿ ಪಡೆದುದು. ಇಂದು ನಮ್ಮ ಮನೆಗೆ ಬರುವ ನೈಸರ್ಗಿಕ ಅನಿಲವಲ್ಲ. ಎರಡಕ್ಕೂ ರಕ್ತಸಂಬಂಧವಿಲ್ಲದಿದ್ದರೂ ಲೆಕ್ಕದ ರೀತಿಯಲ್ಲಿ ಒಂದು ಪರಂಪರೆಯುಂಟು. ಕಣ್ಣಿಗೆ ಕಾಣದ, ತೂಗಲು ಬಾರದ ಪದಾರ್ಥವನ್ನು ಮೀಟರಿನಲ್ಲಿ ಹಾಯಿಸಿ, ಹಾದುಹೋದ ಗಾತ್ರಕ್ಕೆ ಬೆಲೆ ಕಟ್ಟಿ, ಬಳಸಿಯಾದ ಮೇಲೆ ಹಣ ಕೇಳುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಈ ಕಂಪನಿಗಳಿಂದ ಬಂದುದು. ಸೌದೆಯಾಗಲಿ ಇದ್ದಲಾಗಲಿ ಸೀಮೆಎಣ್ಣೆಯಾಗಲಿ ಮೊದಲು ಹಣ, ಆಮೇಲೆ ಸಾಮಾನು. ಗ್ಯಾಸಿನ ಮೀಟರು ಈ ಕ್ರಮವನ್ನು ತಿರುವುಮುರುವು ಮಾಡಿತು. ಹಾಗೆ ಮಾಡಿದುದರಿಂದಲೇ ಠೇವಣಿ, ಬಾಕಿ, ತಡಪಾವತಿಯ ದಂಡ ಎಂಬ ಬಾಬುಗಳು ಹುಟ್ಟಿದುವು. ಸಾಲವಿದ್ದಲ್ಲಿ ಜಾಮೀನು ಇರಲೇಬೇಕಷ್ಟೆ.

ಕನ್ನಡನಾಡಿನ ಅನುಭವ ಬೇರೆ ತೆರನಾದುದು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಲ್ಲಿ ನಗರ ಸೀಮೆಎಣ್ಣೆಯ ಕಂಬದಿಂದ ವಿದ್ಯುತ್ತಿನ ಕಂಬಕ್ಕೆ ದಾಟಿತು. ಆದುದರಿಂದ ಊರಿನಿಂದ ಬಂದ ಹಿರಿಯರಿಗೆ ವಿದ್ಯುತ್ತಿನ ಮೀಟರು ಪರಿಚಿತವಾಗಿದ್ದರೂ ಗ್ಯಾಸಿನ ಮೀಟರು ಈ ಮಹಾನಗರದಲ್ಲಿ ಕಂಡ ಹೊಸ ವಸ್ತುವೇ ಆಗಿತ್ತು.

೩

ಅಡುಗೆಯ ಅನಿಲವೆಂದರೆ ಬಹುಕಾಲ ನಮ್ಮ ಮನೆಗಳಿಗೆ ಸಿಲಿಂಡರೇ. ಬರ್ಮಾ ಶೆಲ್ ಕಂಪನಿಯು ಮುಂಬಯಿಯಲ್ಲಿ ‘ಬರ್ಶೇನ್’ ಎಂಬ ಹೆಸರಿನಿಂದ ಅದನ್ನು ಮಾರತೊಡಗಿದುದು ೧೯೫೫ರಲ್ಲಿ. ಇಂಡಿಯನ್ ಆಯಿಲಿನ ‘ಇಂಡೇನ್’ ಕಲ್ಕತ್ತೆಯಲ್ಲಿ ಮೊದಲಾದುದು ೧೯೬೫ರಲ್ಲಿ. ಸಿಲಿಂಡರಿನದು ಎಣಿಕೆಯ ಲೆಕ್ಕ: ಒಂದು ಸಿಲಿಂಡರಿಗೆ ಇಷ್ಟು ರೂಪಾಯಿ. ಗೃಹಿಣಿಯು ಅದನ್ನು ಕೊಂಡ ದಿನವನ್ನು ಪಂಚಾಂಗದ ಮೇಲೆ ಗುರುತು ಹಾಕಿಟ್ಟರೆ ಬಳಕೆಯ ಲೆಕ್ಕ ತಾನಾಗಿ ತಿಳಿಯುತ್ತಿತ್ತು.

ಈ ಸ್ಥಿತಿಯನ್ನು ಬದಲಾಯಿಸಿದುದು ಸಮುದ್ರ. ೧೯೭೪ರ ಫೆಬ್ರವರಿಯಲ್ಲಿ ‘ಸಾಗರ ಸಮ್ರಾಟ್’ ಎಂಬ ಕೊರೆಯುವ ಹಡಗು ಮುಂಬಯಿಯ ಪಶ್ಚಿಮಕ್ಕೆ ಕಡಲಿನ ತಳದಲ್ಲಿ ತೈಲವನ್ನು ಕಂಡುಹಿಡಿಯಿತು. ೧೯೭೬ರ ಮೇ ತಿಂಗಳಿನಲ್ಲಿ ಬಾಂಬೆ ಹೈ ಕ್ಷೇತ್ರದಿಂದ ಉತ್ಪಾದನೆ ಆರಂಭವಾಯಿತು. ತೈಲದೊಡನೆ ಬಂದ ಅನಿಲವನ್ನು ಕಡಲತಳದ ಕೊಳವೆಯಲ್ಲಿ ಉರಣಕ್ಕೆ ತಂದು, ಅಲ್ಲಿಂದ ಟ್ರಾಂಬೆಯ ಕಡೆಯ ರಸಗೊಬ್ಬರ ಹಾಗೂ ವಿದ್ಯುತ್ ಕಾರ್ಖಾನೆಗಳಿಗೆ ಕೊಡಲಾಯಿತು. ಅನಿಲವನ್ನು ಸಾಗಿಸುವ ಕೆಲಸಕ್ಕೆಂದೇ ಕೇಂದ್ರ ಸರಕಾರವು ೧೯೮೪ರಲ್ಲಿ ಗೇಲ್ ಸಂಸ್ಥೆಯನ್ನು ಸ್ಥಾಪಿಸಿತು. ಗಮನಿಸತಕ್ಕ ಅಂಶವೇನೆಂದರೆ, ಕಡಲಿನ ಅನಿಲ ಉರಣಕ್ಕೆ ಬಂದು ವರ್ಷಗಳು ಕಳೆದರೂ ಕೊಲ್ಲಿಯ ಆಚೆಯ ದಡದ ಮನೆಗಳಿಗೆ ಅದು ಬರಲಿಲ್ಲ. ರಾಷ್ಟ್ರದ ದೃಷ್ಟಿಯಲ್ಲಿ ಗೊಬ್ಬರವೂ ವಿದ್ಯುತ್ತೂ ಮೊದಲು, ಒಲೆ ಆಮೇಲೆ.

ಗೇಲ್ ಮತ್ತು ಬ್ರಿಟಿಷ್ ಗ್ಯಾಸ್ ಸಂಸ್ಥೆಗಳು ಕೂಡಿ ಮಹಾನಗರ ಗ್ಯಾಸನ್ನು ೧೯೯೫ರ ಮೇ ೮ರಂದು ಸ್ಥಾಪಿಸಿದುವು. ಮಹಾರಾಷ್ಟ್ರ ಸರಕಾರವೂ ಅದರಲ್ಲಿ ಪಾಲುದಾರನಾಯಿತು. ೨೦೧೬ರಲ್ಲಿ ಅದರ ಷೇರುಗಳು ಸಾರ್ವಜನಿಕರಿಗೆ ಬಂದುವು. ಅದೇ ವರ್ಷ ಬ್ರಿಟಿಷ್ ಪಾಲು ಶೆಲ್ ಸಂಸ್ಥೆಯ ಕೈಸೇರಿ, ೨೦೧೯ರಲ್ಲಿ ಆ ಪಾಲುದಾರರು ಪೂರ್ತಿಯಾಗಿ ಹೊರಬಿದ್ದರು. ಮುಂಬಯಿಯಲ್ಲಿ ಆರಂಭವಾದ ಕೊಳವೆಯ ಜಾಲ ಕ್ರಮೇಣ ಕೊಲ್ಲಿಯನ್ನು ದಾಟಿ ಠಾಣೆ, ನವಿ ಮುಂಬಯಿ, ಡೊಂಬಿವಲಿ, ಕಲ್ಯಾಣ, ಅಂಬರನಾಥಗಳವರೆಗೆ ಹಬ್ಬಿತು. ಮಹಾಪೆ, ಅಂಬರನಾಥ ಮುಂತಾದ ಕಡೆಗಳಲ್ಲಿ ದೊಡ್ಡ ಕೊಳವೆಯ ಅನಿಲವನ್ನು ಇಳಿಸಿಕೊಂಡು, ಅದರ ಒತ್ತಡವನ್ನು ತಗ್ಗಿಸಿ, ಸೋರಿಕೆ ಮೂಗಿಗೆ ತಿಳಿಯುವಂತೆ ವಾಸನೆಯ ದ್ರವ್ಯವನ್ನು ಬೆರಸಿ ನಗರದ ಕೊಳವೆಗೆ ಬಿಡುವ ಠಾಣ್ಯಗಳಿವೆ. ಅಂಬರನಾಥವೆಂದರೆ ಶಕ ೯೮೨, ಅಂದರೆ ಕ್ರಿ. ಶ. ೧೦೬೦ರ ಶಿಲಾಹಾರ ಶಾಸನವಿರುವ ಶಿವಾಲಯವೆಂದೇ ನಮ್ಮ ಚರಿತ್ರಕಾರರು ತಿಳಿದಿರುವುದು. ಆ ಶಾಸನವನ್ನು ಓದುವ ಶ್ರದ್ಧೆಯಲ್ಲಿ ಕಿಂಚಿತ್ ಭಾಗವನ್ನು ಅದೇ ಊರಿನ ಮೂಲಕ ಬರುವ ಅನಿಲದ ಲೆಕ್ಕಕ್ಕೂ ಕೊಟ್ಟರೆ ತಪ್ಪಾಗಲಾರದು.

೪

ಬಿಲ್ಲಿನ ಮೊದಲನೆಯ ಬಾಬು ಅಳತೆ. ಮೀಟರಿನ ಮುಖದಲ್ಲಿ ಕಪ್ಪು ಅಂಕಿಗಳೂ ಕೆಂಪು ಅಂಕಿಗಳೂ ಇರುತ್ತವೆ. ಕಪ್ಪು ಅಂಕಿಗಳು ಪೂರ್ಣ ಘನಮೀಟರುಗಳು. ಕೆಂಪು ಅಂಕಿಗಳು ಅದರ ದಶಾಂಶಗಳು. ಈ ಸಲದ ಓದಿನಿಂದ ಹಿಂದಿನ ಓದನ್ನು ಕಳೆದರೆ ಬಳಕೆ ಬರುತ್ತದೆ. ಕಲ್ಲಿದ್ದಲ ಗ್ಯಾಸಿನ ಕಾಲದಲ್ಲಿ ಈ ಲೆಕ್ಕ ಸಾವಿರ ಘನ ಅಡಿಗಳಲ್ಲಿ ನಡೆಯುತ್ತಿತ್ತು. ೧೯೫೬ರ ತೂಕ ಮತ್ತು ಅಳತೆಗಳ ಶಾಸನದಿಂದ ದೇಶದಲ್ಲಿ ಮೆಟ್ರಿಕ್ ಪದ್ಧತಿ ಬಂದುದರಿಂದ ಇಂದು ಘನಮೀಟರು ಬಂದಿದೆ.

ಆದರೆ ಬಿಲ್ಲಿನಲ್ಲಿ ಬರೆದಿರುವುದು ಬರಿಯ ಘನಮೀಟರಲ್ಲ, ‘ಎಸ್. ಸಿ. ಎಮ್.’ ಎಂದು. ಅದನ್ನು ಪ್ರಮಾಣ ಘನಮೀಟರು ಎನ್ನಬಹುದು. ಅನಿಲವು ಬಿಸಿಯಲ್ಲಿ ಹಿಗ್ಗುತ್ತದೆ, ಒತ್ತಡದಲ್ಲಿ ಕುಗ್ಗುತ್ತದೆ. ಆದುದರಿಂದ ಒಂದು ಘನಮೀಟರು ಎಂದ ಮಾತ್ರಕ್ಕೆ ಎಷ್ಟು ಅನಿಲವೆಂದು ನಿರ್ಣಯವಾಗದು. ಯಾವ ಉಷ್ಣತೆಯಲ್ಲಿ, ಯಾವ ಒತ್ತಡದಲ್ಲಿ ಎಂದು ಹೇಳಬೇಕು. ನಮ್ಮ ದೇಶದ ನಿಯಮದಂತೆ ೧೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಹಾಗೂ ಸಮುದ್ರಮಟ್ಟದ ವಾಯುಭಾರ, ಅಂದರೆ ೧.೦೧೩೨೫ ಬಾರ್ ಒತ್ತಡದಲ್ಲಿ ಒಂದು ಘನಮೀಟರನ್ನು ತುಂಬುವ ಅನಿಲವೇ ಒಂದು ಪ್ರಮಾಣ ಘನಮೀಟರು. ಇದೇ ಈ ಬಿಲ್ಲಿನ ಭೇರುಂಡ ಗಳೆ.

ಮನೆಗೆ ಮಾರುವಾಗ ಲೆಕ್ಕ ಗಾತ್ರದಲ್ಲಿ. ಬಾವಿಯ ಬಳಿ ಕೊಳ್ಳುವಾಗ ಲೆಕ್ಕ ಶಾಖದಲ್ಲಿ. ಸರಕಾರ ಪ್ರಕಟಿಸುವ ಬಾವಿದರ ಹತ್ತು ಲಕ್ಷ ಬ್ರಿಟಿಷ್ ಉಷ್ಣಮಾನಕ್ಕೆ ಇಷ್ಟು ಡಾಲರೆಂದು ಇರುತ್ತದೆ. ಒಂದು ಪ್ರಮಾಣ ಘನಮೀಟರಿನಿಂದ ಸುಮಾರು ಹತ್ತು ಸಾವಿರ ಕಿಲೋಕ್ಯಾಲೊರಿ ಶಾಖ ದೊರೆಯುವುದೆಂದು ಹಿಡಿದರೆ, ಹತ್ತು ಲಕ್ಷ ಉಷ್ಣಮಾನವೆಂದರೆ ಸುಮಾರು ೨೫ ಪ್ರಮಾಣ ಘನಮೀಟರು. ಇದೇ ಲೆಕ್ಕದಲ್ಲಿ ೧೪.೨ ಕಿಲೋಗ್ರಾಂ ತೂಕದ ಮನೆಯ ಸಿಲಿಂಡರು ಸುಮಾರು ೧೭ ಪ್ರಮಾಣ ಘನಮೀಟರಿಗೆ ಸಮಾನ. ಸಿಲಿಂಡರಿನ ಕಾಲವನ್ನು ಕಂಡವರಿಗೆ ಈ ಒಂದು ಸಮೀಕರಣ ನೆನಪಿನಲ್ಲಿದ್ದರೆ ಬಿಲ್ಲಿನ ಅಂಕಿ ಅಪರಿಚಿತವೆನಿಸದು.

೫

ಇನ್ನು ದರ. ಇದೇ ಈ ಬಿಲ್ಲಿನ ಹೃದಯ. ದರದೊಳಗಿನ ಅತಿ ದೊಡ್ಡ ಅಂಶವಾದ ಬಾವಿದರವನ್ನು ಗ್ಯಾಸು ಮಾರುವ ಸಂಸ್ಥೆ ನಿರ್ಣಯಿಸುವುದಿಲ್ಲ; ದೇಶದ ಹಳೆಯ ಸರಕಾರಿ ಕ್ಷೇತ್ರಗಳ ಅನಿಲಕ್ಕೆ ಅದನ್ನು ಕೇಂದ್ರ ಸರಕಾರವೇ ಗೊತ್ತುಪಡಿಸುತ್ತದೆ. ೨೦೧೦ರಲ್ಲಿ ಈ ದರ ೪.೨ ಡಾಲರಾಯಿತು. ೨೦೧೪ರಲ್ಲಿ ಎರಡು ಮಹತ್ತ್ವದ ನಿರ್ಣಯಗಳಾದುವು. ಮೊದಲನೆಯದು, ಮನೆಗಳ ಒಲೆಗೂ ವಾಹನಗಳಿಗೂ ಬೇಕಾದ ದೇಶೀಯ ಅನಿಲವನ್ನು ಇತರರಿಗಿಂತ ಮೊದಲು ಹಂಚಬೇಕೆಂಬುದು. ಒಂದು ಕಾಲದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದ ಒಲೆ ಹೀಗೆ ಮುಂದಿನ ಸಾಲಿಗೆ ಬಂದಿತು. ಎರಡನೆಯದು, ಅಮೆರಿಕ, ಕೆನಡಾ, ಬ್ರಿಟನ್, ರಷ್ಯಗಳ ಅನಿಲದ ಬೆಲೆಗಳನ್ನು ಸರಾಸರಿ ಮಾಡಿ ಆರು ತಿಂಗಳಿಗೊಮ್ಮೆ ದೇಶದ ದರವನ್ನು ಬದಲಾಯಿಸಬೇಕೆಂಬುದು. ಅಂದಿನಿಂದ ಡೊಂಬಿವಲಿಯ ಒಲೆಗೂ ದೂರದ ನಾಲ್ಕು ದೇಶಗಳ ಪೇಟೆಗಳಿಗೂ ನಂಟು ಬೆಳೆಯಿತು. ದರ ೨೦೧೪ರ ನವೆಂಬರಿನಲ್ಲಿ ೫.೦೫ ಡಾಲರು, ೨೦೨೦ರ ಅಕ್ಟೋಬರಿನಲ್ಲಿ ೧.೭೯ ಡಾಲರಿಗೆ ಇಳಿಯಿತು. ೨೦೨೧ರ ಅಕ್ಟೋಬರಿನಲ್ಲಿ ೨.೯೦ ಆಯಿತು.

ಅನಂತರ ನಡೆದ ಸಂಗತಿ ಈ ಬಿಲ್ಲಿನ ಸ್ವರೂಪವನ್ನು ಬೇರಾವ ವಿವರಣೆಗಿಂತಲೂ ಚೆನ್ನಾಗಿ ತೋರಿಸಿಕೊಡುತ್ತದೆ. ೨೦೨೨ರ ಮಾರ್ಚಿನ ಆಯವ್ಯಯದಲ್ಲಿ ಮಹಾರಾಷ್ಟ್ರ ಸರಕಾರವು ನೈಸರ್ಗಿಕ ಅನಿಲದ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ಶೇಕಡ ೧೩.೫ರಿಂದ ೩ಕ್ಕೆ ಇಳಿಸಿತು. ಏಪ್ರಿಲ್ ೧ರಿಂದ ಅದು ಜಾರಿಗೆ ಬಂದು, ಮನೆಯ ಅನಿಲದ ಬೆಲೆ ಪ್ರಮಾಣ ಘನಮೀಟರಿಗೆ ೩ ರೂಪಾಯಿ ೫೦ ಪೈಸೆಯಷ್ಟು ಇಳಿದು ೩೬ ರೂಪಾಯಿಗೆ ಬಂದಿತು. ಅದೇ ಏಪ್ರಿಲ್ ೧ರಿಂದ ಕೇಂದ್ರ ಸರಕಾರದ ಸೂತ್ರದಂತೆ ಬಾವಿದರ ೨.೯೦ರಿಂದ ೬.೧೦ ಡಾಲರಿಗೆ, ಅಂದರೆ ಎರಡು ಪಟ್ಟಿಗೂ ಮೇಲೆ ಏರಿತು. ಏಪ್ರಿಲ್ ೬ರಿಂದ ಮನೆಯ ದರ ೪೧ ರೂಪಾಯಿ. ಏಪ್ರಿಲ್ ೧೩ರಿಂದ ೪೫ ರೂಪಾಯಿ ೫೦ ಪೈಸೆ. ರಾಜ್ಯದ ರಿಯಾಯತಿ ಜನರ ಕೈಯಲ್ಲಿ ಒಂದು ವಾರವೂ ಉಳಿಯಲಿಲ್ಲ. ಆ ಅವಧಿಯ ಬಿಲ್ಲು ಬಂದಾಗ ಎಷ್ಟೋ ಮನೆಗಳಲ್ಲಿ ತೆರಿಗೆ ಇಳಿಯಿತೆಂಬುದು ಸುಳ್ಳು ಸುದ್ದಿಯೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ. ಸುದ್ದಿ ಸುಳ್ಳಲ್ಲ. ಇಳಿಸಿದ ಕೈ ಒಂದು, ಏರಿಸಿದ ಕೈ ಇನ್ನೊಂದು. ಎರಡೂ ಕೈಗಳ ಕೆಲಸ ಒಂದೇ ಸಂಖ್ಯೆಯಲ್ಲಿ ಬೆರೆತು ಬಂದಿತು.

ಯುಕ್ರೇನಿನ ಯುದ್ಧದಿಂದ ಜಗತ್ತಿನ ಬೆಲೆಗಳು ಮೇಲೇರಿ, ೨೦೨೨ರ ಅಕ್ಟೋಬರಿನಲ್ಲಿ ಬಾವಿದರ ೮.೫೭ ಡಾಲರಾಯಿತು. ಆಗ ಕಿರೀಟ ಪಾರೀಖರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ ೨೦೨೩ರ ಏಪ್ರಿಲಿನಲ್ಲಿ ಹೊಸ ಕ್ರಮ ಬಂದಿತು. ಭಾರತವು ಕೊಳ್ಳುವ ಕಚ್ಚಾ ತೈಲದ ಬೆಲೆಯ ಹತ್ತರಲ್ಲೊಂದು ಪಾಲು ಬಾವಿದರ. ಆದರೆ ಅದು ೪ ಡಾಲರಿಗಿಂತ ಕೆಳಗಿಳಿಯಬಾರದು, ೬.೫ ಡಾಲರಿಗಿಂತ ಮೇಲೇರಬಾರದು. ಎರಡು ವರ್ಷಗಳ ಅನಂತರ ಈ ಮೇಲ್ಮಿತಿ ವರ್ಷಕ್ಕೆ ಕಾಲು ಡಾಲರಿನಂತೆ ಏರತಕ್ಕುದು. ಅದರಂತೆ ೨೦೨೫ರ ಏಪ್ರಿಲಿನಲ್ಲಿ ಅದು ೬.೭೫ ಆಯಿತು. ದರವನ್ನು ಈಗ ತಿಂಗಳಿಗೊಮ್ಮೆ ಪ್ರಕಟಿಸುತ್ತಾರೆ.

ಇದನ್ನು ರೂಪಾಯಿಗಳಲ್ಲಿ ನೋಡೋಣ. ಈ ಹೊಸ ಕ್ರಮದಿಂದ ೨೦೨೩ರ ಏಪ್ರಿಲ್ ೮ರಿಂದ ಮನೆಯ ದರ ತೆರಿಗೆ ಸೇರಿ ೪೯ ರೂಪಾಯಿಗೆ ಇಳಿಯಿತು. ಅಂದು ಡಾಲರಿನ ಬೆಲೆ ಸುಮಾರು ೮೨ ರೂಪಾಯಿ. ೬.೫ ಡಾಲರನ್ನು ೮೨ರಿಂದ ಗುಣಿಸಿ, ೨೫ ಪ್ರಮಾಣ ಘನಮೀಟರುಗಳಿಗೆ ಹಂಚಿದರೆ ಒಂದಕ್ಕೆ ಸುಮಾರು ೨೧ ರೂಪಾಯಿ ಬರುತ್ತದೆ. ತೆರಿಗೆ ಸುಮಾರು ೧ ರೂಪಾಯಿ ೪೦ ಪೈಸೆ. ಉಳಿದ ೨೬ ರೂಪಾಯಿಗಳಲ್ಲಿ ದೊಡ್ಡ ಕೊಳವೆಯ ಸಾಗಣೆ, ದೇಶೀಯ ಅನಿಲ ಸಾಲದಾದಾಗ ಬೆರಸುವ ದುಬಾರಿ ಅನಿಲ, ನಗರದೊಳಗಿನ ಕೊಳವೆ, ಮೀಟರು, ದುರಸ್ತಿ, ನೌಕರರ ಸಂಬಳ ಹಾಗೂ ಸಂಸ್ಥೆಯ ಲಾಭ ಎಲ್ಲವೂ ಸೇರಿವೆ. ಇದು ಸ್ಥೂಲ ಗಣಿತವಾದರೂ ಒಂದು ಮಾತು ಸ್ಪಷ್ಟ: ದರದ ಅರ್ಧಕ್ಕಿಂತ ಹೆಚ್ಚಿನ ಭಾಗ ಬಾವಿಗೂ ಒಲೆಗೂ ನಡುವಣ ದಾರಿಯಲ್ಲಿ ಹುಟ್ಟುವುದು.

ಆ ದಾರಿಯ ದೊಡ್ಡ ಕೊಳವೆಗಳ ಸಾಗಣೆದರವನ್ನು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಲಿ ಗೊತ್ತುಪಡಿಸುತ್ತದೆ. ೨೦೦೬ರ ಶಾಸನದಿಂದ ಈ ಮಂಡಲಿ ಅಸ್ತಿತ್ವಕ್ಕೆ ಬಂದಿತು. ರಾಷ್ಟ್ರೀಯ ಜಾಲಕ್ಕೆ ಏಕೀಕೃತ ಸಾಗಣೆದರ ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಹಾಗಾದರೆ ನಗರದೊಳಗಿನ ದರವನ್ನು ಗೊತ್ತುಪಡಿಸುವವರಾರು? ಮಂಡಲಿಯು ೨೦೧೨ರ ಏಪ್ರಿಲಿನಲ್ಲಿ ದೆಹಲಿಯ ಇಂದ್ರಪ್ರಸ್ಥ ಗ್ಯಾಸ್ ಸಂಸ್ಥೆಯ ಜಾಲದ ದರವನ್ನು ತಾನೇ ನಿರ್ಣಯಿಸಲು ಹೊರಟಿತು. ಸಂಸ್ಥೆಯು ನ್ಯಾಯಾಲಯಕ್ಕೆ ಹೋಯಿತು. ಮಂಡಲಿಗೆ ಆ ಅಧಿಕಾರವಿಲ್ಲವೆಂದು ದೆಹಲಿಯ ಉಚ್ಚ ನ್ಯಾಯಾಲಯ ಅದೇ ವರ್ಷದ ಜೂನಿನಲ್ಲಿ ಹೇಳಿತು. ಸರ್ವೋಚ್ಚ ನ್ಯಾಯಾಲಯ ೨೦೧೫ರ ಜುಲೈ ೧ರಂದು ಅದನ್ನೇ ಎತ್ತಿಹಿಡಿಯಿತು. ವ್ಯಾಜ್ಯ ದೆಹಲಿಯದಾದರೂ ಫಲ ದೇಶದ ಎಲ್ಲ ನಗರಗಳದು. ಹೀಗಾಗಿ ನಮ್ಮ ಮನೆಯ ದರವನ್ನು ಸಂಸ್ಥೆಯೇ ಗೊತ್ತುಮಾಡಿ ಪ್ರಕಟಿಸುತ್ತದೆ. ವಿದ್ಯುತ್ತಿನ ದರಕ್ಕೆ ಆಯೋಗದ ಮುಂದೆ ವಿಚಾರಣೆಯುಂಟು, ಆಕ್ಷೇಪಣೆಯ ಹಕ್ಕುಂಟು, ಕಾರಣಗಳನ್ನು ಹೇಳುವ ಆದೇಶವುಂಟು. ಗ್ಯಾಸಿಗೆ ಇವು ಮೂರೂ ಇಲ್ಲ. ಬಿಲ್ಲಿನ ಸಾಲುಗಳು ಕಡಿಮೆಯಾಗಿರಲು ಕಾರಣವಿದು.

೬

ತೆರಿಗೆಯ ಬಾಬಿಗೂ ಒಂದು ಚರಿತ್ರೆಯುಂಟು. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ದೇಶಕ್ಕೆಲ್ಲ ಬಂದಿದ್ದರೂ ಕಚ್ಚಾ ತೈಲ, ಪೆಟ್ರೋಲು, ಡೀಸೆಲು, ವಿಮಾನದ ಇಂಧನ, ನೈಸರ್ಗಿಕ ಅನಿಲ ಈ ಐದನ್ನು ಅದರಿಂದ ಹೊರಗೆ ಇರಿಸಲಾಗಿದೆ. ಅವನ್ನು ಒಳಗೆ ತರುವ ದಿನವನ್ನು ತೆರಿಗೆ ಪರಿಷತ್ತು ಶಿಫಾರಸು ಮಾಡಬೇಕೆಂದು ೨೦೧೬ರ ಸಂವಿಧಾನ ತಿದ್ದುಪಡಿಯೇ ಹೇಳುತ್ತದೆ. ಈ ಕಾರಣದಿಂದ ಸಿಲಿಂಡರಿನ ಅನಿಲಕ್ಕೆ ಸರಕು ಮತ್ತು ಸೇವಾ ತೆರಿಗೆ, ಕೊಳವೆಯ ಅನಿಲಕ್ಕೆ ರಾಜ್ಯದ ಮೌಲ್ಯವರ್ಧಿತ ತೆರಿಗೆ ಎಂಬ ಭೇದವಾಯಿತು. ಎರಡೂ ಒಲೆಗಳ ಮೇಲೆ ಬೇಯುವುದು ಒಂದೇ ಅನ್ನವಾದರೂ ತೆರಿಗೆಯ ಶಾಸನ ಬೇರೆ. ಆದರೆ ಅನಿಲದ ಬೆಲೆಯಲ್ಲದೆ ಸಂಸ್ಥೆ ಸಲ್ಲಿಸುವ ಕೆಲವು ಸೇವೆಗಳಿಗೆ ಆಕಾರ ಬಂದರೆ ಅದು ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಒಂದೇ ಬಿಲ್ಲಿನಲ್ಲಿ ಎರಡು ಬಗೆಯ ತೆರಿಗೆಗಳು ಕಂಡರೆ ಅದನ್ನು ಮುದ್ರಣದೋಷವೆಂದು ತಿಳಿಯಬಾರದು.

ಉಳಿದ ಬಾಬುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸಂಪರ್ಕ ಕೊಡುವಾಗ ಪಡೆಯುವ ಠೇವಣಿ ಶುಲ್ಕವಲ್ಲ, ನಮ್ಮದೇ ಹಣ. ಮಂಡಲಿಯ ೨೦೦೮ರ ನಿಯಮಾವಳಿ ಸಂಪರ್ಕದ ಠೇವಣಿಗೆ ೫೦೦೦ ರೂಪಾಯಿಗಳ ಮಿತಿಯನ್ನು ಹಾಕಿ, ಬಡ್ಡಿಯಿಲ್ಲದೆ ಹಿಂದಿರುಗಿಸತಕ್ಕುದೆಂದು ಹೇಳಿತು. ಬಾಡಿಗೆಯ ಮನೆಯಿಂದ ಮನೆಗೆ ಸಾಗುವ ನಮ್ಮವರು ಈ ಠೇವಣಿ ಯಾರ ಹೆಸರಿನಲ್ಲಿದೆಯೆಂಬುದನ್ನು ಮನೆಯೊಡೆಯರೊಡನೆ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಮೇಲು. ಮೀಟರನ್ನು ಓದಲಾಗದಿದ್ದಲ್ಲಿ ಬಿಲ್ಲು ಅಂದಾಜಿನ ಮೇಲೆ ಬರುತ್ತದೆ. ಮುಂದಿನ ನಿಜವಾದ ಓದಿನಲ್ಲಿ ಅದು ಸರಿಹೊಂದುತ್ತದೆ. ಬೇಸಗೆಯಲ್ಲಿ ಊರಿಗೆ ಹೋಗಿ ಬೀಗ ಹಾಕಿದ ಮನೆಗೂ ಬಳಕೆಯ ಬಿಲ್ಲು ಬರುವುದರ ರಹಸ್ಯ ಇದೇ. ಬಿಲ್ಲಿನ ಅವಧಿಯ ನಡುವೆ ದರ ಬದಲಾದರೆ ಬಳಕೆಯನ್ನು ದಿನಗಳ ಪ್ರಮಾಣದಲ್ಲಿ ಭಾಗಿಸಿ ಎರಡು ದರಗಳನ್ನು ಹಾಕುವುದುಂಟು. ಕೆಲವು ವರ್ಷ ಬಳಕೆಯ ಮಟ್ಟಕ್ಕೆ ತಕ್ಕಂತೆ ಎರಡು ಹಂತದ ದರಗಳಿದ್ದುದನ್ನೂ ಹಳೆಯ ಬಿಲ್ಲುಗಳಲ್ಲಿ ಕಾಣಬಹುದು.

೭

ಇಲ್ಲಿಯವರೆಗಿನ ವಿಚಾರದಿಂದ ಒಂದು ವ್ಯಾವಹಾರಿಕ ಫಲವುಂಟು. ಬಿಲ್ಲು ಒಂದೇ ಸಂಸ್ಥೆಯ ಹೆಸರಿನಲ್ಲಿ ಬರುವುದರಿಂದ ನಮ್ಮ ಅಸಮಾಧಾನವೆಲ್ಲ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಓದು ತಪ್ಪಾಗಿದೆ, ಅಂದಾಜು ಅತಿಯಾಗಿದೆ, ಠೇವಣಿ ಬಂದಿಲ್ಲ ಎಂಬ ಪ್ರಶ್ನೆಗಳಿಗೆ ಅದೇ ಸರಿಯಾದ ಬಾಗಿಲು. ಅಲ್ಲಿ ಉತ್ತರ ಸಿಗದಿದ್ದರೆ ಗ್ರಾಹಕರ ಆಯೋಗಗಳಿವೆ. ಆದರೆ ಬಾವಿದರ ಏಕೆ ಏರಿತು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದುದು ದೆಹಲಿ. ತೆರಿಗೆ ಏಕೆ ಇಷ್ಟು ಎಂಬುದಕ್ಕೆ ಉತ್ತರ ಕೊಡಬೇಕಾದುದು ಮಹಾರಾಷ್ಟ್ರದ ವಿಧಾನಸಭೆ. ಬಾವಿಗೂ ಒಲೆಗೂ ನಡುವಣ ೨೬ ರೂಪಾಯಿಗಳನ್ನು ಬಿಡಿಬಿಡಿಯಾಗಿ ಏಕೆ ತೋರಿಸುವುದಿಲ್ಲ ಎಂಬ ಪ್ರಶ್ನೆ ಕೊನೆಗೆ ಸಂಸತ್ತಿನದು; ಏಕೆಂದರೆ ಶಾಸನ ಕೊಡದ ಅಧಿಕಾರವನ್ನು ಮಂಡಲಿ ಚಲಾಯಿಸಲಾರದೆಂಬುದೇ ೨೦೧೫ರ ತೀರ್ಪಿನ ತಿರುಳು. ಪರಸ್ಥಳದ ನಾಗರಿಕರೆಂದು ನಮ್ಮನ್ನು ನಾವು ಎಣಿಸಿಕೊಂಡು ಈ ಪ್ರಶ್ನೆಗಳನ್ನು ಸ್ಥಳೀಯರಿಗೆ ಬಿಟ್ಟುಕೊಡುವುದು ಉಚಿತವಲ್ಲ. ತೆರಿಗೆ ಕೊಡುವವನ ಮಾತೃಭಾಷೆ ಯಾವುದೆಂದು ಬಿಲ್ಲು ಕೇಳುವುದಿಲ್ಲ.

ಈ ವಿಷಯ ಇನ್ನು ಊರಿನದೂ ಹೌದು. ದಾಭೋಳದಿಂದ ಬೆಳಗಾವಿ, ಧಾರವಾಡಗಳ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಅನಿಲದ ಕೊಳವೆ ೨೦೧೩ರಲ್ಲಿ ಸಿದ್ಧವಾಯಿತು. ಕೊಚ್ಚಿಯಿಂದ ಕಾಸರಗೋಡನ್ನು ಹಾದು ಮಂಗಳೂರಿಗೆ ಬರುವ ೪೫೦ ಕಿಲೋಮೀಟರಿನ ಕೊಳವೆ ೨೦೨೧ರ ಜನವರಿ ೫ರಂದು ಉದ್ಘಾಟನೆಯಾಯಿತು. ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರ ಮನೆಗಳಿಗೂ ಇಂಥ ಬಿಲ್ಲೇ ಬರತೊಡಗಿದೆ: ಬಾವಿದರದ ಸೂತ್ರ ಒಂದೇ, ರಾಜ್ಯದ ತೆರಿಗೆ ಬೇರೆ, ಮಾರುವ ಸಂಸ್ಥೆ ಬೇರೆ. ಹಿಂದೆ ಊರಿನವರು ತಿಳಿಯದುದನ್ನು ನಮಗೆ ಮುಂಬಯಿ ಕಲಿಸಿತು. ಅದನ್ನು ಕನ್ನಡದಲ್ಲಿ ಅವರಿಗೆ ಹೇಳುವುದು ಈಗ ನಮ್ಮ ಪಾಲಿನ ಕೆಲಸ.

ಕೊನೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ವಿದ್ಯುತ್ತಿನ ದರದ ಚರಿತ್ರೆಯನ್ನು ಬರೆಯುವವನಿಗೆ ಆಯೋಗದ ಆದೇಶಗಳು ಆಕರವಾಗುತ್ತವೆ. ಗ್ಯಾಸಿನ ದರಕ್ಕೆ ಅಂಥ ಆದೇಶಗಳಿಲ್ಲ. ಇರುವುದು ಸಂಸ್ಥೆಯ ಪ್ರಕಟಣೆಗಳು, ಮತ್ತು ಮನೆಮನೆಯ ಬಿಲ್ಲುಗಳು. ಪ್ರಕಟಣೆ ದರವನ್ನು ಮಾತ್ರ ಹೇಳುತ್ತದೆ; ಆ ದರದಲ್ಲಿ ಒಂದು ಸಂಸಾರ ಎಷ್ಟು ಸುಟ್ಟಿತು, ಎಷ್ಟು ತೆತ್ತಿತು, ಯಾವ ತಿಂಗಳಲ್ಲಿ ಬಾಕಿ ಉಳಿಸಿತು ಎಂಬುದನ್ನು ಹೇಳುವುದು ಬಿಲ್ಲೊಂದೇ. ೧೯೯೫ರ ಅನಂತರದ ವರ್ಷಗಳ ಬಿಲ್ಲುಗಳು ಯಾರ ಮನೆಯ ಕಪಾಟಿನಲ್ಲಾದರೂ ಉಳಿದಿದ್ದರೆ ಅವನ್ನು ರದ್ದಿಗೆ ಹಾಕದೆ, ಗ್ರಾಹಕರ ಹೆಸರು ಸಂಖ್ಯೆಗಳನ್ನು ಮರೆಮಾಡಿ, ಪ್ರತಿಯನ್ನು ಸಂಘದ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಕೋರುತ್ತೇನೆ. ವರ್ಷವಾರು ಜೋಡಿಸಿಟ್ಟ ಅಂಥ ಐವತ್ತು ಬಿಲ್ಲುಗಳು ದೊರೆತರೂ ಈ ಲೇಖನದ ಸ್ಥೂಲ ಗಣಿತವನ್ನು ತಿದ್ದಿ ಬೆಳಸಲು ಮುಂದಿನ ಸಂಶೋಧಕರಿಗೆ ಸಾಕಾಗುತ್ತದೆ.